ಕಾಯಿ ಒಡೆದವನೇ ಮಾಸ್ತರ

ನಮ್ಮ ಮನೆಗೆ ಗೋಡೆ ಇರಲಿಲ್ಲ, ಪರದೆ ಇತ್ತು. ನಾನು ಹುಟ್ಟಿ ಬೆಳೆದದ್ದು ನಾಟಕ ಕಂಪನಿಯಲ್ಲಿ. ಉತ್ತರ ಕರ್ನಾಟಕದ ಊರಿಂದ ಊರಿಗೆ ಹೋಗುವುದು, ತಗಡಿನ ಥೇಟರು ನಿಲ್ಲಿಸುವುದು, ಮಂದಿ ಬರುವಷ್ಟು ದಿನ ಆಟ ಆಡುವುದು, ಎಲ್ಲ ಕಿತ್ತುಕೊಂಡು ಮುಂದಿನ ಊರಿಗೆ ನಡೆಯುವುದು. ಥೇಟರಿನ ಬೆನ್ನಿಗೆ ನಮ್ಮ ಬಿಡಾರ. ರಂಗದ ಮೇಲೆ ದುಡಿದು ಹಳತಾದ ಪರದೆಗಳನ್ನು ಬಿದಿರಿನ ಗಳಕ್ಕೆ ಇಳಿಬಿಟ್ಟು ಸಂಸಾರಕ್ಕೊಂದು ಖೋಲಿ ಮಾಡಿಕೊಡುತ್ತಿದ್ದರು. ನಮಗೆ ಬಂದದ್ದು ಅರಮನೆಯ ಪರದೆ. ಕಂಬ, ಕಮಾನು, ನವಿಲು ಎಲ್ಲ ಇತ್ತು. ಆ ಅರಮನೆಯೊಳಗೆ ಒಂದು ಟ್ರಂಕು, ಒಂದು ಚಾಪೆ, ಒಂದು ನೀರಿನ ಕೊಡ. ನಮ್ಮ ಆಚೆ ಕಡೆ ಕಾಡಿನ ಪರದೆ ಕಟ್ಟಿದ್ದರು, ಅದು ಎಲ್ಲರಿಗೂ ಸೇರಿದ ಅಡಿಗೆಮನೆ. ಒಲೆಯ ಹೊಗೆ ಹಿಡಿದು ಆ ಕಾಡಿನ ಮರಗಳೆಲ್ಲ ಕರಿಯಾಗಿದ್ದವು. ಇಲ್ಲಿ ಅಮೆರಿಕಾದ ನೆವಾರ್ಕಿನಲ್ಲಿ ನನ್ನ ಮಗಳ ಮನೆಗೆ ಬರುವ ಹೆಣ್ಣುಮಕ್ಕಳು ಕೇಳುತ್ತಾರೆ, ಆಂಟಿ ನಿಮ್ಮ ಚೈಲ್ಡ್‌ಹುಡ್ ಎಷ್ಟು ಕಲರ್‌ಫುಲ್ಲಾಗಿತ್ತಲ್ವಾ ಅಂತ. ಕಲರು ಇತ್ತು. ಮಳೆ ಬಂದಾಗ ಅದು ನಮ್ಮ ಹಾಸಿಗೆ ಮೇಲೆ ಇಳಿಯುತ್ತಿತ್ತು.

ಪರದೆಯ ಮನೆಯಲ್ಲಿ ಗುಟ್ಟು ಅನ್ನುವುದು ಇರುವುದಿಲ್ಲ. ಗಂಡ ಹೆಂಡತಿ ಜಗಳಾಡಿದರೆ ಇಡೀ ಬಿಡಾರಕ್ಕೆ ಕೇಳುತ್ತಿತ್ತು, ಪರದೆಯಾಚೆಯಿಂದ ಯಾರೋ ಒಬ್ಬರು ತೀರ್ಪು ಬೇರೆ ಕೊಡುತ್ತಿದ್ದರು. ನನ್ನ ತಂದೆ ತಾಯಿ ಜಗಳಾಡಿದಾಗ ತೀರ್ಪು ಹೆಚ್ಚಾಗಿ ತಾಯಿಯ ಕಡೆಗೇ ಬರುತ್ತಿತ್ತು.

"ಮಾಸ್ತರ, ಈ ಮಾತಿನಾಗ ಜೈತುನಬಿದು ಖರೇ ಐತ್ರಿ. ಇನ್ನ ಮಲಗೋಣ."

ತೀರ್ಪು ಅವಳ ಕಡೆ ಬಂದು ಆದದ್ದೇನು? ಬೆಳಗಾದರೆ ಊಟಕ್ಕೆ ಕೂರುವ ಸಾಲು ಅದೇ ಇರುತ್ತಿತ್ತು. ಮೊದಲು ಕಂಪನಿಯ ಮಾಲಕರು, ಆಮೇಲೆ ರಾಜಾ ಪಾರ್ಟು ಮಾಡುವವ, ಆಮೇಲೆ ಮಾಸ್ತರ, ಅಂದರೆ ನನ್ನ ಅಬ್ಬಾ. ಅವರು ಎದ್ದ ಮೇಲೆ ಪರದೆ ಎಳೆಯುವವರು, ಲೈಟಿನವರು. ಅವರೂ ಎದ್ದ ಮೇಲೆ ಹೆಂಗಸರು, ಮಕ್ಕಳು. ಥೇಟರು ತುಂಬಿದ ಮಾರನೇ ದಿನ ಮಟನ್ನು ಮಾಡುತ್ತಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ತುಂಡೆಲ್ಲ ಹೋಗಿ ಸಾರು ಉಳಿದಿರುತ್ತಿತ್ತು. ರೊಟ್ಟಿಯನ್ನು ಆ ಸಾರಿನಲ್ಲಿ ಅದ್ದಿ ಅಮ್ಮಾ ತಿನ್ನುತ್ತಿದ್ದಳು, ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ನಾನು ಕೇಳುತ್ತಿದ್ದೆ. ಏಟು ತಿನ್ನುತ್ತಿದ್ದೆ.

ಇದೆಲ್ಲ ಬಿಟ್ಟು ಬಂದು ಬಹಳ ವರ್ಷವಾಯಿತು. ನಾನು ಕೂತು ನೆನಪು ಮಾಡಿಕೊಳ್ಳುವವಳೂ ಅಲ್ಲ. ಅದನ್ನು ಕೆದಕಿದವಳು ನನ್ನ ಮೊಮ್ಮಗಳು ಸನಾ. ಕಾಲೇಜಿನಲ್ಲಿ ಅವಳು ಓದುವುದು ಕಂಪ್ಯೂಟರು, ಜೀವ ಇಟ್ಟಿರುವುದು ಮ್ಯೂಸಿಕಲ್ಲಿನ ಮೇಲೆ. ಮ್ಯೂಸಿಕಲ್ಲು ಅಂದರೆ ಮತ್ತೇನಲ್ಲ, ನಮ್ಮ ಕಂಪನಿ ನಾಟಕದ ಹಾಗೇ, ಮಾತಿನ ನಡುವೆ ಹಾಡು, ಹಾಡಿನ ಜೊತೆ ಕುಣಿತ. ಇಲ್ಲಿಂದ ಒಂದಿಷ್ಟು ದೂರದ ವಾಲ್ನಟ್ ಕ್ರೀಕ್ ಊರಿನಲ್ಲಿ ಒಂದು ಮಂಡಳಿಯವರು ಇಂಥ ಆಟ ಆಡುತ್ತಾರೆ, ಸನಾ ಅವರ ಜೊತೆ ಕುಣಿಯುತ್ತಾಳೆ. ಅದರ ಡೈರೆಕ್ಟರು ಟೋಪಿ ಹಾಕಿಕೊಂಡ ಒಬ್ಬ ಬಿಳಿಯ, ಕಂಡವರನ್ನೆಲ್ಲ ಅಪ್ಪಿಕೊಳ್ಳುವ ಮನುಷ್ಯ. ಆಟ ಕೂಡಿಸುವುದೂ ಅವನೇ, ಕುಣಿತ ಹಾಕುವುದೂ ಅವನೇ ಅಂತ ಹೆಸರು. ಮೊದಲರ್ಧದ ಕುಣಿತ ಹಾಕಿಕೊಟ್ಟ. ಅಷ್ಟರಲ್ಲಿ ಅವನಿಗೆ ಬೇರೆ ಊರಿನಲ್ಲಿ ಇನ್ನೊಂದು ಆಟ ಸಿಕ್ಕಿತು, ಅತ್ತ ಓಡಾಡತೊಡಗಿದ. ಎರಡನೇ ಅರ್ಧದ ಕುಣಿತ ಪೂರಾ ಸನಾ ಕೂಡಿಸಿದಳು. ನಮ್ಮ ಗ್ಯಾರೇಜಿನಲ್ಲಿ ಕಾರು ಹೊರಗೆ ಹಾಕಿ, ಕನ್ನಡಿ ನಿಲ್ಲಿಸಿಕೊಂಡು, ಬೆವರಿ ಬೆವರಿ ಕೂಡಿಸಿದಳು. ನಾನು ಕಂಡಿದ್ದೇನೆ. ಆಮೇಲೆ ಒಂದು ಸಂಜೆ ಅವಳ ಫೋನಿಗೆ ಆಟದ ಹ್ಯಾಂಡ್‌ಬಿಲ್ಲಿನಂಥದ್ದು ಬಂತು. ಕುಣಿತ ಹಾಕಿದ್ದು ಆ ಟೋಪಿಯವನು ಅಂತ ಇತ್ತು. ಸನಾಳ ಹೆಸರು ಹಿಂದೆ ಕುಣಿಯುವವರ ಸಾಲಿನಲ್ಲಿ ಮಾತ್ರ.

ಅಡಿಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಮುಖ ಕೆಂಪಗಾಗಿತ್ತು.

"ನಾನಿ, ಓಪನಿಂಗ್ ದಿನ ನಾನು ಹೋಗೋದೇ ಇಲ್ಲ. ನಾನಿಲ್ದೆ ಹೇಗೆ ಮಾಡ್ತಾರೋ ನೋಡೋಣ. ಲೆಟ್ ದೆಮ್ ಫಾಲ್ ಅಪಾರ್ಟ್."

ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಸೊಪ್ಪು ಪಕ್ಕಕ್ಕೆ ತಳ್ಳಿದೆ. ಇದೇ ಮಾತನ್ನು ನನ್ನ ತಾಯಿ ಆಡಿದ್ದಳು.

"ಬಾಯಿ ಮುಚ್ಕೊಂಡು ಕುಂದ್ರು," ಅಂದೆ. "ನಿನ್ನ ಮುತ್ತಜ್ಜಿ ಹಿಂಗ ಮಾಡಿ ಏನಾತು ಅಂತ ಹೇಳ್ತೀನಿ ಕೇಳು."

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಬ್ಬಾ ಪೇಟಿ ಬಾರಿಸುವವನು, ಅಂದರೆ ಹಾರ್ಮೋನಿಯಂ. ಸುಳ್ಳು ಯಾಕೆ ಹೇಳಲಿ, ಹಾಡಿಗೆ ಧಾಟಿ ಕಟ್ಟುವುದರಲ್ಲಿ ಅವನ ಸರಿಗಟ್ಟುವವರು ಆ ಕಡೆ ಇರಲಿಲ್ಲ. ಆದರೆ ಅವನಿಗೆ ಇದ್ದದ್ದು ಕಿವಿ ಒಂದೇ. ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ತಿರುಗಬೇಕು, ಕೈ ಏನು ಮಾಡಬೇಕು ಅನ್ನುವುದು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪೇಟಿಯ ಮೇಲೆ ತಲೆ ಬಗ್ಗಿಸಿ ಕೂತರೆ ಮುಗಿಯಿತು. ಅದೆಲ್ಲ ಮಾಡುತ್ತಿದ್ದವಳು ಅಮ್ಮಾ. ಮೊದಮೊದಲು ಹುಡುಗಿಯರಿಗೆ ಕುಣಿತ ಹೇಳಿಕೊಡುತ್ತಿದ್ದಳು ಅಷ್ಟೇ. ಹಾಡು ಬಂದಾಗ ಕಥೆ ನಿಲ್ಲುತ್ತಿತ್ತು, ಹುಡುಗಿಯರು ಸಾಲಾಗಿ ಬಂದು ಕುಣಿದು ಹೋಗುತ್ತಿದ್ದರು, ಕಥೆ ಮತ್ತೆ ಹೊರಡುತ್ತಿತ್ತು. ಅಮ್ಮಾಗೆ ಅದು ಸರಿಬರಲಿಲ್ಲ. ನಿಂತ ಕಥೆಯ ಮೇಲೆ ಕುಣಿದರೆ ಹೆಣದ ಮುಂದೆ ಕುಣಿದ ಹಾಗೆ ಅನ್ನುತ್ತಿದ್ದಳು.

ನಾನು ಸಣ್ಣವಳಿದ್ದಾಗ ಕಂಪನಿ ಒಂದು ಹೊಸ ಆಟ ಎತ್ತಿಕೊಂಡಿತು. ಬಡವರ ಮನೆಯಿಂದ ಬಂದ ಸೊಸೆಯನ್ನು ಊರೇ ಸೇರಿ ಹೊರಗೆ ಹಾಕುವ ಕಥೆ. ಅದನ್ನು ಬರೆದವನು ಊರ ಹೆಂಗಸರು ಸೊಸೆಯನ್ನು ಆಡಿಕೊಳ್ಳುವ ಜಾಗದಲ್ಲಿ ಉದ್ದುದ್ದ ಮಾತು ಬರೆದಿದ್ದ. ನಮ್ಮ ಬಿಡಾರದ ಹಿಂದೆ ಒಂದು ಬಾವಿ ಇತ್ತು, ಊರಿನವರು ಅಲ್ಲಿ ಬಟ್ಟೆ ಒಗೆಯಲು ಬರುತ್ತಿದ್ದರು. ಅಮ್ಮಾ ದಿನಾ ಹೋಗಿ ಕೂತು ನೋಡಿದಳು. ಇಬ್ಬರು ಗೆಳತಿಯರಿದ್ದರೆ ಅವರ ಬಟ್ಟೆ ಕಲ್ಲಿಗೆ ಒಟ್ಟಿಗೇ ಬಡಿಯುತ್ತದೆ. ಜಗಳಾಡಿದವರಿದ್ದರೆ ಒಬ್ಬಳ ಏಟು ಬಿದ್ದ ಮೇಲೆ ಇನ್ನೊಬ್ಬಳದು ಬೀಳುತ್ತದೆ, ಎರಡೂ ಕೂಡುವುದಿಲ್ಲ. ಇದನ್ನು ಕಂಡುಕೊಂಡು ಬಂದವಳೇ ಆ ಮಾತೆಲ್ಲ ತೆಗೆಸಿದಳು. ಹೆಂಗಸರೆಲ್ಲ ಸಾಲುಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಸೊಸೆಯೂ ಒಂದು ಕಲ್ಲಿಗೆ ಬಂದು ನಿಲ್ಲುತ್ತಾಳೆ. ಮೊದಲು ಎಲ್ಲರ ಏಟೂ ಒಂದೇ. ಆಮೇಲೆ ಒಬ್ಬೊಬ್ಬಳಾಗಿ ತನ್ನ ಏಟನ್ನು ಸೊಸೆಯ ಏಟಿನಿಂದ ಬಿಡಿಸಿಕೊಂಡು ಹೋಗುತ್ತಾಳೆ. ಕಡೆಗೆ ಸೊಸೆಯ ಬಟ್ಟೆ ಒಂದೇ ಬಡಿಯುತ್ತದೆ, ಒಂದೇ, ಒಂದೇ. ಆಮೇಲೆ ಅದೂ ನಿಲ್ಲುತ್ತದೆ. ಒಂದು ಮಾತಿಲ್ಲ. ತಾಲೀಮಿನಲ್ಲಿ ಅದನ್ನು ಮೊದಲ ಸಲ ನೋಡಿ ಅಡಿಗೆಯವಳು ಅತ್ತಳು. ಅವಳು ಅಳುವ ಪೈಕಿಯೇ ಅಲ್ಲ.

ಇಷ್ಟು ಹೇಳುವಾಗ ಸನಾ ನನ್ನ ಕೈ ಹಿಡಿದಳು.

"ನಾನಿ, ವೇಟ್. ವೇಟ್. ಅಮೆರಿಕಾದಲ್ಲೂ ಮೊದಲು ಹೀಗೇ ಇತ್ತು. ಡೈರೆಕ್ಟರ್ ಬೇರೆ, ಡಾನ್ಸ್ ಹಾಕೋರು ಬೇರೆ. ಸ್ಟೋರಿ ಸ್ಟಾಪ್, ಹುಡುಗೀರು ಬಂದು ಕಾಲೆತ್ತಿ ಹೋಗ್ತಿದ್ರು, ಮತ್ತೆ ಸ್ಟೋರಿ ಸ್ಟಾರ್ಟ್. ಆಮೇಲೆ ಡಾನ್ಸೇ ಸ್ಟೋರಿ ಹೇಳ್ಬೋದು ಅಂತ ಗೊತ್ತಾಯ್ತು. ಆಗ ಡಾನ್ಸ್ ಹಾಕೋರು, ಇಡೀ ಶೋ ನಮ್ಮ ಕೈಗೇ ಕೊಡಿ ಅಂದ್ರು. ಅವರೇ ಡೈರೆಕ್ಟರ್-ಕೊರಿಯೋಗ್ರಾಫರ್. ಎರಡೂ ಒಬ್ರೇ. ಶೋಗಿಂತ ಅವರ ಹೆಸರೇ ದೊಡ್ಡದಾಯ್ತು. ನಿಮ್ಮಮ್ಮ ಮಾಡಿದ್ದು ಎಗ್ಸಾಕ್ಟ್ಲಿ ಅದೇ!"

"ಕುಣಿತ ಕಥಿ ಹೇಳತೈತಿ ಅಂತ ಇಲ್ಲಿ ತೋರಿಸಿದವರು ಯಾರು?"

"ತುಂಬಾ ಜನ ಇದ್ರು. ಬಟ್ ಮೇನ್ಲಿ ಒಬ್ಬರು ಲೇಡಿ."

"ಇಡೀ ಆಟ ಕೈಗೆ ಸಿಕ್ಕವರು?"

ಅವಳು ಫೋನು ಕೈಗೆ ತೆಗೆದುಕೊಂಡಳು.

"ಮೋಸ್ಟ್ಲಿ ಮೆನ್. ಲೇಡೀಸ್‌ಗೂ ಸಿಕ್ತು, ಬಟ್... ಕಮ್ಮಿ."

ಫೋನಿನಲ್ಲಿ ಆ ಗಂಡಸರ ಫೋಟೋ ಒಂದೊಂದಾಗಿ ತೋರಿಸಿದಳು. ಕಾಲು ಚಾಚಿ ಕುರ್ಚಿಯಲ್ಲಿ ಕೂತವನೊಬ್ಬ, ಸಿಗರೇಟು ಕಚ್ಚಿದವನೊಬ್ಬ. ಎಲ್ಲರ ಹೆಸರೂ ಅವಳಿಗೆ ಬಾಯಿಪಾಠ. ಒಂದು ಫೋಟೋದಲ್ಲಿ ಗಂಡಸಿನ ಹಿಂದೆ ಒಬ್ಬ ಹೆಂಗಸು ನಿಂತು ಹುಡುಗಿಯೊಬ್ಬಳ ಮೊಣಕೈ ಎತ್ತಿ ಹಿಡಿದು ಸರಿ ಮಾಡುತ್ತಿದ್ದಳು. ಇವಳು ಯಾರು ಅಂದೆ. ಅಸಿಸ್ಟೆಂಟ್ ಇರ್ಬೇಕು ನಾನಿ, ಅಂದಳು. ಕೆಳಗೆ ಗಂಡಸಿನ ಹೆಸರು ಬರೆದಿತ್ತು. ಅವಳದು ಬರೆದಿರಲಿಲ್ಲ. ಅವರ ದೇಶದ ಚರಿತ್ರೆ ನನಗೆ ಗೊತ್ತಿಲ್ಲ, ಆ ಮೊಣಕೈ ಎತ್ತುವುದು ಮಾತ್ರ ಚೆನ್ನಾಗಿ ಗೊತ್ತು.

ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಆಟದ ಮೊದಲ ದಿನ, ಪರದೆ ಏಳುವ ಮುಂಚೆ, ಎಲ್ಲರೂ ರಂಗದ ಮೇಲೆ ನಿಂತು ಗಣಪತಿಯ ಫೋಟೋಕ್ಕೆ ಪೂಜೆ ಮಾಡಿ, ಪೇಟಿಗೆ ಕೈ ಮುಗಿದು, ತೆಂಗಿನಕಾಯಿ ಒಡೆಯಬೇಕು. ಆಟ ಕೂಡಿಸಿದವರೇ ಒಡೆಯಬೇಕು. ಕಾಯಿ ಒಡೆದವನ ಹೆಸರು ಬೋರ್ಡಿಗೆ ಹತ್ತುತ್ತಿತ್ತು, ಅಲ್ಲಿಂದ ಮುಂದೆ ಅವನನ್ನು ಎಲ್ಲರೂ ಮಾಸ್ತರ ಅನ್ನುತ್ತಿದ್ದರು, ಊಟಕ್ಕೆ ಮಾಲಕರ ಸಾಲಿನಲ್ಲಿ ಕೂರಿಸುತ್ತಿದ್ದರು. ನಾವು ಮುಸಲರು, ನಮ್ಮ ಕೈಯಿಂದ ಕಾಯಿ ಒಡೆಸಬಾರದು ಅಂತ ಅಲ್ಲಿ ಯಾರೂ ಒಂದು ಮಾತು ಅಂದವರಲ್ಲ. ಅಬ್ಬಾ ಎಷ್ಟೋ ಕಾಯಿ ಒಡೆದಿದ್ದ. ಹೆಣ್ಣು ಮಾತ್ರ ಒಬ್ಬಳೂ ಒಡೆದಿರಲಿಲ್ಲ, ಯಾಕೆಂದರೆ ಒಬ್ಬಳೂ ಕೇಳಿರಲಿಲ್ಲ.

ಅಮ್ಮಾ ಕೇಳಿದಳು. ಮಾಲಕರು ಅಡಿಗೆಮನೆಗೆ ಚಹಾ ಕೇಳಿಕೊಂಡು ಬಂದಿದ್ದರು. ನಾನು ಒಲೆ ಮುಂದೆ ಕೂತಿದ್ದೆ.

"ಮಾಲಕರ, ಈ ಆಟ ಕೂಡಿಸಿದವರು ಯಾರ್ರೀ?"

"ನೀನಽ ಅಲ್ಲೇನವಾ? ಕಣ್ಣಾರೆ ಕಂಡೀನಿ."

"ಹಂಗಾರ ಕಾಯಿ ನನ್ನ ಕೈಯಾಗ ಕೊಡ್ರಿ."

ಮಾಲಕರು ಬಸಿಯಲ್ಲಿ ಚಹಾ ಸುರಿದುಕೊಂಡು ಊದಿ ಕುಡಿದರು. ನಕ್ಕರು. ಕೆಟ್ಟ ಮನುಷ್ಯ ಅಲ್ಲ ಅವರು, ಅದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು.

"ಆತು. ಈ ಸಲದ ಕಾಯಿ ನಿಂದು. ಮಾತು ಕೊಟ್ಟೀನಿ."

ಆ ದಿನ ನಮ್ಮ ಪರದೆಯ ಅರಮನೆಯೊಳಗೆ ದೊಡ್ಡ ಜಗಳವಾಯಿತು. ಅಬ್ಬಾಗೆ ಯಾರೋ ಹೇಳಿದ್ದರು.

"ನನ್ನ ಮಾರಿಗೆ ಮಸಿ ಬಳೀತಿಯೇನು? ಹೆಂಡತಿ ಕಾಯಿ ಒಡದರ ನಾ ಯಾರು?"

"ನೀ ಪೇಟಿ ಮಾಸ್ತರ. ಧಾಟಿ ಕಟ್ಟಿದವ. ಅದನ್ನ ಯಾರು ಕಸಗೋತಾರ?"

"ಮಂದಿ ಏನಂತಾರ?"

"ಮಂದಿ ಒಗಿಯೂ ಕಲ್ಲು ನೋಡಾಕ ಬರ್ತಾರ. ನಿನ್ನ ಮಾರಿ ನೋಡಾಕ ಬರೂದಿಲ್ಲ."

ಪರದೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಮ್ಮಾ ಟ್ರಂಕಿನಿಂದ ತನ್ನ ನಿಕಾಹದ ಹಸಿರು ಸೀರೆ ತೆಗೆದು ಕೊಡವಿ ಗಾಳಿಗೆ ಹಾಕಿದಳು. ಅವಳು ಒಳಗೊಳಗೇ ಹಾಡಿಕೊಳ್ಳುತ್ತಿದ್ದುದನ್ನು ನಾನು ಕೇಳಿದೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಒಂದು ಕಾಯಿ.

ಮೊದಲ ದಿನದ ಸಂಜೆ ಆಟ. ಥೇಟರು ತುಂಬಿತ್ತು, ಪರದೆಯ ಆಚೆ ಮಂದಿಯ ಗದ್ದಲ, ಸಿಳ್ಳೆ. ಈಚೆ ನಾವೆಲ್ಲ ಊದಿನಕಡ್ಡಿಯ ಹೊಗೆಯಲ್ಲಿ ನಿಂತಿದ್ದೆವು. ಅಮ್ಮಾ ಹಸಿರು ಸೀರೆ ಉಟ್ಟು ಮಾಲಕರ ಬಲಕ್ಕೆ ನಿಂತಿದ್ದಳು. ಮಾಲಕರು ತಾಟಿನಿಂದ ಕಾಯಿ ಎತ್ತಿಕೊಂಡರು. ಅಮ್ಮಾ ಕೈ ಚಾಚಿದಳು. ಊರಿನ ಗೌಡರು, ಶಾಲೆಯ ಹೆಡ್‌ಮಾಸ್ತರು, ಇಂಥವರು ನಾಲ್ಕೈದು ಮಂದಿ ಪೂಜೆ ನೋಡಲು ಒಳಗೆ ಬಂದು ನಿಂತಿದ್ದರು. ಮಾಲಕರು ಅವರ ಮುಖ ನೋಡಿದರು, ಅಮ್ಮಾನ ಕೈ ನೋಡಿದರು. ಕಾಯಿ ಆ ಕೈಯ ಮೇಲಿಂದ ದಾಟಿ ಅಬ್ಬಾನ ಕಡೆ ಹೋಯಿತು.

"ಮಾಸ್ತರ, ಒಡೀರಿ. ಹೊತ್ತಾತು."

ಅಬ್ಬಾ ಆ ಚಾಚಿದ ಕೈಯನ್ನು ನೋಡಿದ. ಅವನು ನೋಡಲಿಲ್ಲ ಅಂತ ಯಾರೂ ನನಗೆ ಹೇಳಬೇಡಿ, ನಾನು ಅವನ ಸೊಂಟದ ಪಕ್ಕದಲ್ಲೇ ಇದ್ದೆ. ನೋಡಿದ, ಕಾಯಿ ಇಸಿದುಕೊಂಡ, ಒಡೆದ. ಅದು ಕತ್ತರಿಸಿದ ಹಾಗೆ ಸಮ ಎರಡು ಹೋಳಾಯಿತು. ಶುಭ ಶುಭ ಅಂತ ಎಲ್ಲರೂ ಖುಷಿಪಟ್ಟರು. ನನಗೆ ಇವತ್ತಿಗೂ ಆ ಕಾಯಿಯ ಮೇಲೆ ಸಿಟ್ಟಿದೆ. ಕೊಳೆತದ್ದಾದರೂ ಆಗಬಾರದಿತ್ತೇ?

ಅಮ್ಮಾ ಕೈ ಇಳಿಸಿ ಸೆರಗು ಸರಿ ಮಾಡಿಕೊಂಡಳು. ಯಾವಾಗಲೂ ತಾಲೀಮಿನಲ್ಲೂ ಆಟದಲ್ಲೂ ಅವಳು ಪಕ್ಕದ ಪರದೆಯ ಮರೆಯಲ್ಲಿ ನಿಂತು ಚಪ್ಪಾಳೆಯಲ್ಲೇ ಎಲ್ಲ ನಡೆಸುತ್ತಿದ್ದಳು. ಪರದೆ ಏಳುವುದಕ್ಕೆ ಒಂದು ಚಪ್ಪಾಳೆ, ಹುಡುಗಿಯರು ಹೊರಡುವುದಕ್ಕೆ ಒಂದು, ಏಟು ಬದಲಾಗುವಾಗ ಒಂದು. ಅಬ್ಬಾನ ಪೇಟಿಯೂ ಆ ಚಪ್ಪಾಳೆ ಕೇಳಿಯೇ ತಿರುಗುತ್ತಿತ್ತು.

"ಇವತ್ತ ನಾ ನಿಂದ್ರೂದಿಲ್ಲ," ಅಂದಳು ಅಬ್ಬಾಗೆ. "ಚಪ್ಪಾಳಿ ನೀನಽ ಹೊಡಿ. ನಾ ಇಲ್ಲದ ಅದೆಂಗ ಮಾಡ್ತೀರೋ ನೋಡ್ತೀನಿ."

ನೇರ ಅಡಿಗೆಮನೆಗೆ ನಡೆದಳು. ನಾನು ಹಿಂದೆ ಓಡಿದೆ. ಅಡಿಗೆಯವಳು ಹೊಸ ಆಟ ನೋಡಲು ಹೋಗಿದ್ದಳು. ಅಮ್ಮಾ ಸೀರೆ ಮೇಲೆ ಕಟ್ಟಿ ಒಲೆ ಮುಂದೆ ಕೂತು ಜೋಳದ ಹಿಟ್ಟು ನಾದತೊಡಗಿದಳು.

"ಬಾನೂ, ಕಟಿಗಿ ಹಾಕು."

ಹಾಕಿದೆ. ಅವಳು ಕಾಯುತ್ತಿದ್ದಳು. ಆಟ ಕೆಡುವುದನ್ನು, ಯಾರಾದರೂ ಓಡಿ ಬಂದು ಜೈತುನಬಿ ಬಾ ಅಂತ ಕೈಕಾಲು ಹಿಡಿಯುವುದನ್ನು ಕಾಯುತ್ತಿದ್ದಳು. ಮೊದಲ ಅಂಕ ಮುಗಿಯಿತು, ಯಾರೂ ಬರಲಿಲ್ಲ. ಒಗೆಯುವ ಕಲ್ಲಿನ ಜಾಗ ಬಂತು. ಧಪ್, ಧಪ್, ಎಲ್ಲರೂ ಒಟ್ಟಿಗೆ. ಅಮ್ಮಾ ಗದ್ದ ಎತ್ತಿ ಕಿವಿಗೊಟ್ಟಳು. ಮೊದಲನೆಯವಳು ಬಿಡಿಸಿಕೊಳ್ಳುವ ಜಾಗ ಬಂತು, ಬಿಡಿಸಿಕೊಂಡಳು. ಎರಡನೆಯವಳು ಬಿಡಿಸಿಕೊಂಡಳು. ಎಲ್ಲ ಎಲ್ಲೆಲ್ಲಿ ಆಗಬೇಕೋ ಅಲ್ಲಲ್ಲೇ ಆಯಿತು. ಕಡೆಗೆ ಸೊಸೆಯ ಬಟ್ಟೆ ಒಂದೇ, ಒಂದೇ. ನಿಂತಿತು. ಥೇಟರಿನಲ್ಲಿ ಉಸಿರು ಕೂಡ ಕೇಳಲಿಲ್ಲ. ಆಮೇಲೆ ತಗಡು ಹಾರಿಹೋಗುವ ಹಾಗೆ ಮಂದಿ ಕೂಗಿದರು.

"ವನ್ಸ್ ಮೋರ್! ವನ್ಸ್ ಮೋರ್!"

ಕಂಪನಿ ನಾಟಕದಲ್ಲಿ ಮಂದಿ ಹಾಗೆ ಕೂಗಿದರೆ ಆಡಿದ್ದನ್ನೇ ಮತ್ತೆ ಆಡಬೇಕು. ಸತ್ತು ಬಿದ್ದವನೂ ಎದ್ದು ಹಾಡಬೇಕು. ಮತ್ತೆ ಮೊದಲಿಗೆ ಹೋಗುವುದು ಹೇಗೆ ಅಂತ ಅಮ್ಮಾ ಹುಡುಗಿಯರಿಗೆ ಹೇಳಿಕೊಟ್ಟಿರಲಿಲ್ಲ. ತಾವೇ ಹೋದರು. ಧಪ್, ಧಪ್. ಆಗ ನಾನು ನೋಡಿದೆ, ರೊಟ್ಟಿ ಬಡಿಯುತ್ತಿದ್ದ ಅಮ್ಮಾನ ಅಂಗೈ ಅದೇ ಏಟಿಗೆ ಬೀಳುತ್ತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ನೋಡುತ್ತಿದ್ದುದನ್ನು ನೋಡಿ ಗೊತ್ತಾಯಿತು. ಆ ರೊಟ್ಟಿಯನ್ನು ಮುದ್ದೆ ಮಾಡಿ ಬೆಂಕಿಗೆ ಎಸೆದಳು. ತಿನ್ನುವ ಅನ್ನವನ್ನು ಅವಳು ಎಸೆದದ್ದು ನಾನು ಬೇರೆ ಯಾವತ್ತೂ ಕಂಡಿಲ್ಲ.

ಆಟ ಮುಗಿದ ಮೇಲೆ ಮೊದಲು ಬಂದವರು ಹುಡುಗಿಯರು. ಬಣ್ಣ ಕೂಡ ತೊಳೆದಿರಲಿಲ್ಲ.

"ಜೈತುನಕ್ಕಾ, ಒಂದೂ ತಪ್ಪಲಿಲ್ಲ! ಕೇಳಿದೇನು? ಎರಡು ಸಲ ಮಾಡಿದ್ವಿ!"

ಏನು ಹೇಳಬೇಕು ಅವಳು? "ಛಲೋ ಮಾಡಿದ್ರಿ," ಅಂದಳು. ಹಿಂದೆಯೇ ಮಾಲಕರು ಬಂದರು. ಬಹಳ ಸಮಾಧಾನದಿಂದ ಮಾತಾಡಿದರು.

"ನೋಡಿದೇನವಾ? ನೀ ಇಲ್ಲದ ನಡೀತು. ಸುಮ್ಮನ ತಲಿ ಕೆಡಿಸ್ಕೊಂಡಿ. ಏಳು, ಉಣ್ಣು."

"ನಡದದ್ದು ನಂದರಿ," ಅಂದಳು ಅಮ್ಮಾ.

"ಆತಳವಾ, ನಿಂದು. ಯಾರು ಅಲ್ಲಂದ್ರು?"

ಅಲ್ಲಿಗೆ ಮುಗಿಯಿತು. ಬೋರ್ಡಿಗೆ ಅಬ್ಬಾನ ಹೆಸರು ಹತ್ತಿತು. ಅಮ್ಮಾ ಮತ್ತೆ ಯಾವ ಆಟವನ್ನೂ ಕೂಡಿಸಲಿಲ್ಲ. ಕರೆದರೆ, ಮಾಸ್ತರ ಅದಾರಲ್ಲ ಅನ್ನುತ್ತಿದ್ದಳು. ಅಡಿಗೆಮನೆ ಹಿಡಿದಳು. ಅಬ್ಬಾ ಆ ಒಗೆಯುವ ಕಲ್ಲಿನ ಏಟನ್ನೇ ಒಂದು ಆಟದಲ್ಲಿ ಒನಕೆ ಮಾಡಿದ, ಇನ್ನೊಂದರಲ್ಲಿ ಕಮ್ಮಾರನ ಸುತ್ತಿಗೆ ಮಾಡಿದ, ಅದರ ಮೇಲೇ ಮುಪ್ಪಾದ. ಮುಪ್ಪಿನಲ್ಲಿ ಅವನಿಗೆ ಒಂದು ಊರಿನಲ್ಲಿ ಶಾಲು ಹೊದಿಸಿದರು. ಮೈಕಿನಲ್ಲಿ ಹೇಳಿದ, ನದಿ ದಂಡೆಯ ಮೇಲೆ ಕೂತಾಗ ನನಗೆ ಆ ದೃಶ್ಯ ಕಂಡಿತು ಅಂತ. ಅಮ್ಮಾ ನನ್ನ ಪಕ್ಕ ಕೂತಿದ್ದಳು. ಯಾವ ನದಿ ಅಂತ ಕೇಳು, ಅಂದಳು. ಅಷ್ಟೇ.

ನನ್ನ ಬಾಯಿ ಕೆಟ್ಟದ್ದು ಅಂತ ಮಗಳು ಹೇಳುತ್ತಾಳೆ. ಕೆಟ್ಟದ್ದು ಹೌದು. ಅದು ಕೆಟ್ಟದ್ದು ಆ ಒಲೆಯ ಮುಂದೆ. ನನಗೆ ಅಬ್ಬಾನ ಮೇಲೆ ಸಿಟ್ಟಿದೆ, ಮಾಲಕರ ಮೇಲೆ ಸಿಟ್ಟಿದೆ, ಎಲ್ಲರಿಗಿಂತ ಹೆಚ್ಚು ಅಮ್ಮಾನ ಮೇಲೆ ಸಿಟ್ಟಿದೆ. ಎಲ್ಲ ಕಲಿಸಿ, ತಿದ್ದಿ, ತೀಡಿ, ತಾನು ಇಲ್ಲದಿದ್ದರೂ ನಡೆಯುವ ಹಾಗೆ ಮಾಡಿಟ್ಟು, ಆಮೇಲೆ ಹೋಗಿ ಅಡಿಗೆಮನೆಯಲ್ಲಿ ಕೂತಳಲ್ಲ. ಕೆಟ್ಟದಾಗಿ ಕಲಿಸಿದ್ದರೆ ಅವಳು ಗೆಲ್ಲುತ್ತಿದ್ದಳು. ಚೆನ್ನಾಗಿ ಕಲಿಸಿದ್ದಕ್ಕೆ ಸೋತಳು. ಇದಕ್ಕಿಂತ ಅನ್ಯಾಯ ಇದೆಯೇ?

ನಾನು ಪಕ್ಕಕ್ಕೆ ತಳ್ಳಿದ್ದ ಸೊಪ್ಪನ್ನು ಸನಾ ಎಳೆದುಕೊಂಡು ಬಿಡಿಸತೊಡಗಿದಳು.

"ನೀ ಹೆಂಗ ಕಲಿಸಿದಿ? ಛಲೋನೋ, ಕೆಟ್ಟೋ?" ಅಂದೆ.

"ಚೆನ್ನಾಗೇ, ನಾನಿ."

"ಹಂಗಾರ ನೀ ಮನ್ಯಾಗ ಕುಂತರ ಅವರಿಗೇನೂ ಆಗೂದಿಲ್ಲ. ಇನ್ನ ಕಲಿಸೂದು ಏನರ ಉಳದೈತೇನು?"

"ಫಿನಾಲೆ. ಕಡೇ ಡಾನ್ಸು. ನಾಳೆ ಕಲಿಸ್ಬೇಕು."

"ಹಂಗಾರ ಕೇಳೂದು ನಾಳೆ. ಕಲಿಸೂಕಿಂತ ಮೊದಲ."

ಮಗಳು ಕಾರಿನ ಕಂಪನಿಯ ಆಫೀಸಿನಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಅಮ್ಮಾ, ಅವಳ ತಲೆ ಕೆಡಿಸ್ಬೇಡಿ. ಅದೊಂದು ಸಣ್ಣ ಕಮ್ಯುನಿಟಿ ಶೋ ಅಷ್ಟೇ."

"ನಮ್ಮದೂ ಬರೇ ತಗಡಿನ ಥೇಟರ ಇತ್ತು," ಅಂದೆ.

ಮಾರನೇ ದಿನ ನಾನೂ ಹೊರಟೆ. ಫ್ರೀವೇ ಉದ್ದಕ್ಕೂ ಸನಾ ಏನು ಹೇಳಬೇಕು ಅಂತ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಾ ಗಾಡಿ ಓಡಿಸಿದಳು. ವಾಲ್ನಟ್ ಕ್ರೀಕ್‌ನ ಆ ಹಾಲಿನಲ್ಲಿ ಒಂದು ಗೋಡೆಗೆ ಪೂರಾ ಕನ್ನಡಿ. ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು. ಟೋಪಿಯವನು ಬಂದು ಹಾಯ್ ಗ್ರ್ಯಾಂಡ್ಮಾ ಅಂತ ನನ್ನನ್ನೂ ಅಪ್ಪಿಕೊಂಡ. ಒಳ್ಳೆ ಮನುಷ್ಯನೇ. ಸನಾ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದಳು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡ, ತಲೆ ಆಡಿಸಿದ, ಫೋನು ತೆಗೆದು ಏನೋ ಒತ್ತಿದ, ಅವಳ ಬೆನ್ನು ತಟ್ಟಿದ. ಸನಾ ನನ್ನ ಹತ್ತಿರ ಓಡಿ ಬಂದಳು.

"ನಾನಿ, ಹಾಕ್ತಾರೆ! ಕೇಳಿದ ತಕ್ಷಣ ಯೆಸ್ ಅಂದ್ರು. ನೋಡಿ, ಅಡಿಷನಲ್ ಕೊರಿಯೋಗ್ರಫಿ ಅಂತ ನನ್ನ ಹೆಸರು."

"ಅಡಿಷನಲ್ ಅಂದರ?"

"ಅಂದ್ರೆ... ಎಕ್ಸ್‌ಟ್ರಾ. ಅವರು ಮಾಡಿದ್ದಕ್ಕೆ ನಾನು ಸ್ವಲ್ಪ ಸೇರಿಸಿದ್ದು."

"ಎರಡನೇ ಅರ್ಧದಾಗ ಅವ ಏನೇನು ಮಾಡ್ಯಾನ?"

"ಎರಡನೇದ್ರಲ್ಲಿ... ನಥಿಂಗ್."

"ಮತ್ತ ನೀ ಯಾವುದಕ್ಕ ಸೇರಿಸಿದಿ?"

ಅವಳ ಮುಖ ಇಳಿಯಿತು.

"ನಾನಿ, ಪ್ಲೀಸ್. ಇಷ್ಟಾದ್ರೂ ಸಿಕ್ತಲ್ಲ."

ನಾನು ಹೇಳುವುದನ್ನು ಹೇಳಿಯಾಗಿತ್ತು. ಅಷ್ಟರಲ್ಲಿ ಟೋಪಿಯವನು ಎರಡೂ ಕೈ ಎತ್ತಿ, ಓಕೆ ಫಿನಾಲೆ, ಸನಾ ಬಾ, ಅಂತ ಕೂಗಿದ. ಅಲ್ಲಲ್ಲಿ ನೀರು ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಕನ್ನಡಿಗೆ ಮುಖ ಮಾಡಿ ಸಾಲಾಗಿ ನಿಂತರು. ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಹಾಡು ಹಾಕಲು ಬೆರಳು ಇಟ್ಟುಕೊಂಡು ಕೂತಳು. ಸನಾ ನಡೆದು ಹೋಗಿ ಅವರೆಲ್ಲರ ನಡುವೆ ನಿಂತಳು. ಕನ್ನಡಿಯ ಕಡೆ ತಿರುಗಲಿಲ್ಲ, ಅವನ ಕಡೆ ತಿರುಗಿದಳು. ಏನೋ ಅಂದಳು, ನನಗೆ ಕೇಳಲಿಲ್ಲ, ಚಿಕ್ಕ ಮಾತು. ಅವನು ನಕ್ಕ. ಅವಳು ನಗಲಿಲ್ಲ. ಅವನ ಫೋನಿನ ಕಡೆ ಬೆರಳು ತೋರಿಸಿ ಮತ್ತೊಂದು ಸಲ ಅದನ್ನೇ ಅಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತುಬಿಟ್ಟಳು.

ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹಾಡಿನ ಹೆಂಗಸು ಅವನ ಕಡೆ ನೋಡಿದಳು. ಅವನು ಟೋಪಿ ತೆಗೆದು ತಲೆ ತುರಿಸಿಕೊಂಡ. ಹಾಡು ಶುರುವಾಗಲಿಲ್ಲ. ನಾನು ತೊಡೆಯ ಮೇಲಿದ್ದ ಚೀಲ ಕೆಳಗಿಟ್ಟು ಬೆನ್ನು ಆನಿಸಿ ಕೂತೆ. ಎಷ್ಟು ಹೊತ್ತಾದರೂ ಆಗಲಿ.